ಸೀರೆ 140, ಗೂಗಲ್‌ಗೆ ಕಾಣೋ ಪೇಜ್ 3,000: ಡೂಪ್ಲಿಕೇಟ್ ಮತ್ತೆ ಲಿಂಕ್ ಗೊಂದಲ ಸರಿ ಮಾಡೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್, ನಮ್ದು ಇಳಕಲ್‌ದಾಗ ಸೀರಿ ಅಂಗಡಿ ಐತ್ರಿ. ವರ್ಡ್‌ಪ್ರೆಸ್‌ದಾಗ ವೂಕಾಮರ್ಸ್ ಹಾಕಿ ವೆಬ್‌ಸೈಟ್ ಮಾಡಿಸೀವಿ, ಕನ್ನಡ ಇಂಗ್ಲಿಷ್ ಎರಡೂ ಐತಿ. ಸೀರಿ ಇರೋದು 140, ಆದ್ರ ಸರ್ಚ್ ಕನ್ಸೋಲ್‌ದಾಗ 3,000ಕ್ಕಿಂತ ಜಾಸ್ತಿ ಪೇಜ್ ‘ನಾಟ್ ಇಂಡೆಕ್ಸ್ಡ್’, ಅಂದ್ರ ಗೂಗಲ್ ಪಟ್ಟಿಗೆ ಸೇರಿಲ್ಲ ಅಂತ ತೋರಸಾಕತ್ತೈತಿ. ಇಳಕಲ್ ಸೀರಿ ಅಂತ ಹುಡುಕಿದ್ರ ನಮ್ಮ ಕೆಟಗರಿ ಪೇಜ್ ಬರೂದೇ ಇಲ್ಲ, ಯಾವ್ದೋ ಟ್ಯಾಗ್ ಪೇಜ್ ಎಲ್ಲೋ ಹಿಂದ ಬರ್ತೈತಿ. ಒಬ್ರು ಏಜೆನ್ಸಿಯವ್ರು ‘ನಿಮಗ ಡೂಪ್ಲಿಕೇಟ್ ಪೆನಾಲ್ಟಿ ಬಿದ್ದೈತಿ, ರೋಬೋಟ್ಸ್ ಫೈಲ್‌ದಾಗ ಎಲ್ಲಾ ಬ್ಲಾಕ್ ಮಾಡಿ, 500 ಬ್ಯಾಕ್‌ಲಿಂಕ್ ಹಾಕ್ತೀವಿ, ಇಲ್ಲಾಂದ್ರ ಹೊಸಾ ಡೊಮೇನ್ ತಗೋರಿ’ ಅಂದಾರ. ಏನ್ ಮಾಡೂದ್ರಿ?

ಉತ್ತರ: ನಮಸ್ಕಾರ. ಮೊದ್ಲು ಆ ಪೆನಾಲ್ಟಿ ಭಯ ಬಿಡಿ, ಅದು ಬಿದ್ದಿದೆಯೋ ಇಲ್ವೋ ಅಂತ ಯಾರನ್ನೂ ಕೇಳದೆ ನೀವೇ ನೋಡ್ಕೋಬಹುದು. ಸರ್ಚ್ ಕನ್ಸೋಲ್‌ನಲ್ಲಿ, ಅಂದ್ರೆ ನಿಮ್ಮ ಸೈಟ್ ಗೂಗಲ್‌ಗೆ ಹೇಗೆ ಕಾಣ್ತಿದೆ ಅಂತ ತೋರಿಸೋ ಗೂಗಲ್‌ನದ್ದೇ ಟೂಲ್‌ನಲ್ಲಿ, ಎಡಗಡೆ ಮೆನು ಕೆಳಗೆ ಇಳಿಸಿದ್ರೆ ‘ಮ್ಯಾನ್ಯುಯಲ್ ಆಕ್ಷನ್ಸ್’ ಅಂತ ಒಂದಿರತ್ತೆ, ಗೂಗಲ್‌ನವರು ಸೈಟ್ ನೋಡಿ ಶಿಕ್ಷೆ ಕೊಟ್ಟಿದ್ರೆ ಅಲ್ಲಿ ಬರೆದು ಇರತ್ತೆ, ಇಲ್ಲ ಅಂದ್ರೆ ಯಾವ ತೊಂದ್ರೆನೂ ಇಲ್ಲ ಅಂತ ತೋರಿಸತ್ತೆ. ನಿಮ್ಮ ಸೈಟ್ ಒಳಗೇ ಒಂದೇ ಸೀರೆ ನಾಲ್ಕು ಅಡ್ರೆಸ್‌ನಲ್ಲಿ ಕಾಣ್ತಿದೆ ಅನ್ನೋ ಕಾರಣಕ್ಕೆ ಪೆನಾಲ್ಟಿ ಅನ್ನೋದು ಇಲ್ಲವೇ ಇಲ್ಲ, ಇದನ್ನ ಗೂಗಲ್ 2008ರಲ್ಲೇ ಬರೆದು ಹೇಳಿದೆ. ಬೇರೆಯವರ ಸೈಟ್‌ನಿಂದ ಪುಟಗಟ್ಟಲೆ ಕದ್ದು ತಂದು ಹಾಕ್ಕೊಳ್ಳೋದು ಬೇರೆ ವಿಷಯ, ಅದು ಸ್ಪ್ಯಾಮ್, ನಿಮ್ಮದು ಅದಲ್ಲ.

ಪೆನಾಲ್ಟಿ ಇಲ್ಲ ಅಂದ ಮಾತ್ರಕ್ಕೆ ನಷ್ಟ ಇಲ್ಲ ಅಂತಲ್ಲ. ಒಂದೇ ಥರ ಇರೋ ಪೇಜ್‌ಗಳನ್ನ ಗೂಗಲ್ ಒಂದು ಗುಂಪು ಮಾಡಿ ಅದರಲ್ಲಿ ಒಂದನ್ನ ಮಾತ್ರ ಆರಿಸ್ಕೊಂಡು ತೋರಿಸತ್ತೆ, ಆ ಆರಿಸಿದ ಪೇಜಿಗೆ ಕ್ಯಾನೊನಿಕಲ್ ಅಂತಾರೆ. ಯಾವುದು ಅಸಲಿ ಅಂತ ನೀವು ಹೇಳ್ಲಿಲ್ಲ ಅಂದ್ರೆ, ಅಥವಾ ಸೈಟ್‌ಮ್ಯಾಪ್‌ನಲ್ಲಿ (ಗೂಗಲ್‌ಗೆ ಕೊಡೋ ಪೇಜ್‌ಗಳ ಪಟ್ಟಿ) ಒಂದು ಅಡ್ರೆಸ್, ಮೆನುನಲ್ಲಿ ಇನ್ನೊಂದು, ಕ್ಯಾನೊನಿಕಲ್ ಟ್ಯಾಗ್‌ನಲ್ಲಿ (ಅಸಲಿ ಪೇಜ್ ಯಾವುದು ಅಂತ ಹೇಳೋ ಕೋಡ್ ಸಾಲು) ಮತ್ತೊಂದು ಅಂತ ಹೇಳಿದ್ರೆ, ಅದು ತನಗೆ ತೋಚಿದ್ದನ್ನ ಆರಿಸ್ಕೊಳ್ಳತ್ತೆ. ನಿಮ್ಮ ಟ್ಯಾಗ್ ಪೇಜ್ (ಸೀರೆಗಳಿಗೆ ಅಂಟಿಸಿದ ಗುರುತುಪದದ ಪಟ್ಟಿ) ಬಂದು ಕೆಟಗರಿ ಪೇಜ್ ಬರದೇ ಇರೋದಕ್ಕೆ ಮೂಲ ಇದೇ ಜಾತಿಯ ಗೊಂದಲ. ಅದಕ್ಕೇ ನಾನು ಹೇಳೋದು ಇಷ್ಟೇ, ಪ್ರತಿ ಸೀರೆಗೆ, ಪ್ರತಿ ಪಟ್ಟಿಗೆ ಒಂದು ಅಡ್ರೆಸ್ ಅಂತ ನೀವು ತೀರ್ಮಾನ ಮಾಡಿ, ಆಮೇಲೆ ಸೈಟ್‌ನಲ್ಲಿರೋ ಪ್ರತಿ ಲಿಂಕೂ ಅದೇ ಅಡ್ರೆಸ್ ಹೇಳೋ ಹಾಗೆ ಮಾಡಿ.

140 ಸೀರೆ 3,000 ಪೇಜ್ ಹೇಗಾಯ್ತು ಅಂತ ಲೆಕ್ಕ ಹಾಕಿ ನೋಡಿ. ಕೆಟಗರಿ ಪೇಜ್ ಪಕ್ಕದಲ್ಲಿ ಫಿಲ್ಟರ್ ಇಟ್ಟಿರ್ತೀರ, ಅಂಚು 6 ಥರ, ಬಣ್ಣ 12, ಬೆಲೆ 5, ಮೇಲೆ ಸಾರ್ಟಿಂಗ್ 6 ಅಂದ್ಕೊಳ್ಳಿ, ಅಷ್ಟಕ್ಕೇ 6×12×5×6, ಅಂದ್ರೆ 2,160 ಅಡ್ರೆಸ್ ಆಯ್ತು, ಅದೂ ಒಂದೇ ಒಂದು ಕೆಟಗರಿಗೆ. ಫಿಲ್ಟರ್ ಒತ್ತಿದಾಗಲೆಲ್ಲ ಅಡ್ರೆಸ್ ಕೊನೇಲಿ ಪ್ರಶ್ನಾರ್ಥಕ ಚಿಹ್ನೆ ಬಂದು ಅದರ ಹಿಂದೆ ಏನೇನೋ ಸೇರ್ಕೊಳ್ಳತ್ತಲ್ಲ, ಗೂಗಲ್‌ಗೆ ಅದು ಪ್ರತಿಯೊಂದೂ ಬೇರೆ ಅಡ್ರೆಸ್. ಹಳೇ ಥೀಮ್‌ಗಳಲ್ಲಿ ‘ಕಾರ್ಟ್‌ಗೆ ಹಾಕಿ’ ಬಟನ್ ಕೂಡ ಇಂಥದ್ದೇ ಲಿಂಕ್ ಆಗಿ ಗೂಗಲ್‌ಬಾಟ್, ಅಂದ್ರೆ ಪೇಜ್‌ಗಳನ್ನ ಓದ್ಕೊಂಡು ಹೋಗೋ ಗೂಗಲ್‌ನ ಪ್ರೋಗ್ರಾಂ, ಅದನ್ನೂ ಹಿಂಬಾಲಿಸ್ಕೊಂಡು ಹೋಗತ್ತೆ. ಇದರ ಮೇಲೆ ಎಚ್‌ಟಿಟಿಪಿ ಒಂದು, ಎಚ್‌ಟಿಟಿಪಿಎಸ್ ಒಂದು, ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರೋದು ಇಲ್ಲದ್ದು, ಕೊನೇಲಿ ಸ್ಲ್ಯಾಶ್ ಇರೋದು ಇಲ್ಲದ್ದು, ವಾಟ್ಸಾಪ್ ಫೇಸ್‌ಬುಕ್‌ನಿಂದ ಬರುವಾಗ ಅಂಟ್ಕೊಳ್ಳೋ ಟ್ರ್ಯಾಕಿಂಗ್ ಬಾಲ, ಹೀಗೆ.

ಈಗ ಆ ‘ನಾಟ್ ಇಂಡೆಕ್ಸ್ಡ್’ ಸಂಖ್ಯೆ ನೋಡಿ ಗಾಬರಿ ಆಗೋ ಮುಂಚೆ ಅದರ ಕೆಳಗಿನ ಕಾರಣಗಳ ಪಟ್ಟಿ ಬಿಡಿಸಿ ನೋಡಿ, ಅಸಲಿ ಸುದ್ದಿ ಇರೋದು ಅಲ್ಲಿ. ‘ಆಲ್ಟರ್ನೇಟ್ ಪೇಜ್ ವಿತ್ ಪ್ರಾಪರ್ ಕ್ಯಾನೊನಿಕಲ್ ಟ್ಯಾಗ್’ ಅಂತ ಸಾವಿರಗಟ್ಟಲೆ ಇದ್ರೆ ಅದು ಒಳ್ಳೇದೇ, ನಕಲು ಪೇಜ್ ತನ್ನ ಅಸಲಿ ಯಾವುದು ಅಂತ ಹೇಳಿದೆ, ಗೂಗಲ್ ಒಪ್ಪಿದೆ ಅಂತ ಅರ್ಥ. ‘ಪೇಜ್ ವಿತ್ ರೀಡೈರೆಕ್ಟ್’ ಕೂಡ ಹಾಗೇ. ನೀವು ತಲೆ ಕೆಡಿಸ್ಕೋಬೇಕಾದ್ದು ‘ಡೂಪ್ಲಿಕೇಟ್, ಗೂಗಲ್ ಚೋಸ್ ಡಿಫರೆಂಟ್ ಕ್ಯಾನೊನಿಕಲ್ ದ್ಯಾನ್ ಯೂಸರ್’ ಅನ್ನೋದಕ್ಕೆ, ನೀವು ಹೇಳಿದ್ದನ್ನ ಅದು ಒಪ್ಪಿಲ್ಲ ಅಂತ ಅಲ್ಲಿ ಗೊತ್ತಾಗತ್ತೆ, ಮತ್ತೆ ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಅನ್ನೋದರಲ್ಲಿ ನಿಮ್ಮ ನಿಜವಾದ ಸೀರೆ ಪೇಜ್‌ಗಳು ಸಿಕ್ಕಾಕ್ಕೊಂಡಿದ್ದಾವಾ ಅಂತ. 3,000ದಲ್ಲಿ ಎಷ್ಟು ಫಿಲ್ಟರ್ ಅಡ್ರೆಸ್, ಎಷ್ಟು ಅಸಲಿ ಸೀರೆ ಅಂತ ಬೇರೆ ಮಾಡಿದ ಮೇಲೇನೇ ಮುಂದಿನ ಕೆಲಸ.

ಏಜೆನ್ಸಿಯವರು ಹೇಳಿದ ರೋಬೋಟ್ಸ್ ಫೈಲ್ ಬ್ಲಾಕ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ತುಂಬ ಜನ ಇಲ್ಲೇ ಎಡವೋದು. ಆ ಫೈಲ್ ಗೂಗಲ್‌ಗೆ ‘ಈ ಪೇಜ್ ಓದಬೇಡ’ ಅನ್ನತ್ತೆ, ‘ಇಂಡೆಕ್ಸ್‌ನಿಂದ ತೆಗಿ’ ಅನ್ನಲ್ಲ, ಎರಡೂ ಬೇರೆ. ಓದಲೇ ಬಾರದು ಅಂತ ಬ್ಲಾಕ್ ಮಾಡಿದ ಪೇಜ್ ಒಳಗೆ ನೀವು ನೋಇಂಡೆಕ್ಸ್ (ಗೂಗಲ್ ಪಟ್ಟಿಗೆ ಸೇರಿಸಬೇಡ ಅನ್ನೋ ಸಾಲು) ಹಾಕಿ, ಕ್ಯಾನೊನಿಕಲ್ ಹಾಕಿ, ಗೂಗಲ್‌ಗೆ ಅದು ಕಾಣೋದೇ ಇಲ್ಲ, ಬಾಗಿಲಿಗೆ ಬೀಗ ಹಾಕಿ ಒಳಗೋಡೆ ಮೇಲೆ ‘ಅಂಗಡಿ ಎದುರು ಬೀದಿಗೆ ಹೋಗಿದೆ’ ಅಂತ ಬೋರ್ಡ್ ತೂಗುಹಾಕಿದ ಹಾಗೆ. ಬೇರೆ ಕಡೆಯಿಂದ ಲಿಂಕ್ ಇದ್ರೆ ಬ್ಲಾಕ್ ಆದ ಪೇಜ್ ಕೂಡ ವಿವರಣೆ ಇಲ್ಲದೆ ಬರೀ ಅಡ್ರೆಸ್ ಆಗಿ ರಿಸಲ್ಟ್‌ನಲ್ಲಿ ಉಳ್ಕೊಳ್ಳಬಹುದು. ರೋಬೋಟ್ಸ್ ಫೈಲ್ ಒಳಗೇ ನೋಇಂಡೆಕ್ಸ್ ಸಾಲು ಬರೆಯೋ ಹಳೇ ಉಪಾಯ ಇನ್ನೂ ಕೆಲವರು ಹೇಳ್ತಾರೆ, ಗೂಗಲ್ ಅದನ್ನ 2019ರ ಸೆಪ್ಟೆಂಬರ್‌ನಿಂದ ಪಾಲಿಸ್ತಾನೇ ಇಲ್ಲ. ಹಾಗೇ ಸರ್ಚ್ ಕನ್ಸೋಲ್‌ನಲ್ಲಿ ಮುಂಚೆ ಇದ್ದ ಯುಆರ್‌ಎಲ್ ಪ್ಯಾರಾಮೀಟರ್ಸ್ ಟೂಲ್ ಬಗ್ಗೆ ಹಳೇ ವಿಡಿಯೋಗಳಲ್ಲಿ ಹೇಳಿರ್ತಾರೆ, 2022ರಲ್ಲಿ ಅದನ್ನ ತೆಗೆದುಬಿಟ್ಟಿದ್ದಾರೆ, ಹುಡುಕಬೇಡಿ.

ಹಂಗಂತ ರೋಬೋಟ್ಸ್ ಫೈಲ್ ಮುಟ್ಟಲೇಬಾರದು ಅಂತಲ್ಲ, ಸಮಯ ನೋಡಿ ಮಾಡ್ಬೇಕು. ಇಂಡೆಕ್ಸ್ ಆಗಿರೋ ಫಿಲ್ಟರ್ ಪೇಜ್‌ಗಳು ಕ್ಯಾನೊನಿಕಲ್ ಅಥವಾ ನೋಇಂಡೆಕ್ಸ್‌ನಿಂದ ಹೊರಗೆ ಬೀಳೋತನಕ ತೆರೆದೇ ಇಡಿ, ಅವೆಲ್ಲ ಹೋದ ಮೇಲೆ ಸಾರ್ಟಿಂಗ್, ಕಾರ್ಟ್ ಲಿಂಕ್ ಇಂಥವನ್ನ ಬ್ಲಾಕ್ ಮಾಡಿ. ಹೆಚ್ಚಿನ ಲಾಭ ನಿಮ್ಮ ಸರ್ವರ್‌ಗೆ, ಕಡಿಮೆ ದುಡ್ಡಿನ ಶೇರ್ಡ್ ಹೋಸ್ಟಿಂಗ್ ಆಗಿದ್ರೆ ಬಾಟ್‌ಗಳು ಫಿಲ್ಟರ್ ಪೇಜ್ ಎಳೀತಾ ಇರುವಾಗ ಗಿರಾಕಿಗೆ ಪೇಜ್ ತೆರೆಯೋದೇ ನಿಧಾನ ಆಗತ್ತೆ. ‘ಕ್ರಾಲ್ ಬಜೆಟ್ ಖಾಲಿ ಆಗ್ತಿದೆ’, ಅಂದ್ರೆ ನಿಮ್ಮ ಸೈಟ್ ಓದೋಕೆ ಗೂಗಲ್ ಇಟ್ಟಿರೋ ಪಾಲು ಮುಗೀತಿದೆ ಅಂತ ಯಾರಾದ್ರೂ ಹೆದರಿಸಿದ್ರೆ ಕಿವಿಗೆ ಹಾಕ್ಕೋಬೇಡಿ, ಗೂಗಲ್ ಪ್ರಕಾರ ಆ ಚಿಂತೆ ಸುಮಾರು 10 ಲಕ್ಷ ಪೇಜ್ ದಾಟಿದವರಿಗೆ, ಇಲ್ಲ 10,000 ಪೇಜ್ ಇದ್ದು ದಿನಾ ಬದಲಾಗೋ ಸೈಟ್‌ಗೆ.

ಇನ್ನು ರಿಪೇರಿಗೆ ಬರೋಣ. ನಿಮ್ಮ ಡೊಮೇನ್‌ನ ನಾಲ್ಕು ರೂಪ, ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಎರಡಕ್ಕೂ ಡಬ್ಲ್ಯೂ ಇರೋದು ಇಲ್ಲದ್ದು, ಬ್ರೌಸರ್‌ನಲ್ಲಿ ಒಂದೊಂದಾಗಿ ಟೈಪ್ ಮಾಡಿ ನೋಡಿ, ನಾಲ್ಕೂ ಕೊನೆಗೆ ಒಂದೇ ಅಡ್ರೆಸ್‌ಗೆ ಬಂದು ನಿಲ್ಲಬೇಕು, ಅದೂ 301 ರೀಡೈರೆಕ್ಟ್‌ನಿಂದ (ಶಾಶ್ವತವಾಗಿ ಇನ್ನೊಂದು ಅಡ್ರೆಸ್‌ಗೆ ಕಳಿಸೋದು), ಒಂದೇ ಜಿಗಿತದಲ್ಲಿ. ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗೋ ಸರಪಳಿ ಇದ್ರೆ ಕತ್ತರಿಸಿ ನೇರ ಕೊನೇದಕ್ಕೆ ಕಳಿಸಿ. ಆಮೇಲೆ ಮೆನು, ಬ್ಯಾನರ್, ಹಳೇ ಬರಹಗಳ ಒಳಗೆ ಎಲ್ಲೆಲ್ಲಿ ಹಳೇ ಎಚ್‌ಟಿಟಿಪಿ ಲಿಂಕ್ ಕೂತಿದೆಯೋ ಅದನ್ನ ಹೊಸ ಅಡ್ರೆಸ್‌ಗೆ ಬದಲಾಯಿಸಿ, ರೀಡೈರೆಕ್ಟ್ ಇದೆಯಲ್ಲ ಬಿಡು ಅಂತ ಬಿಡಬೇಡಿ, ನಿಮ್ಮ ಸೈಟ್ ಒಳಗಿನ ಲಿಂಕ್ ಕೂಡ ಯಾವುದು ಅಸಲಿ ಅನ್ನೋದಕ್ಕೆ ಒಂದು ಸಾಕ್ಷಿ. ಬ್ಯಾನರ್ ಎಷ್ಟು ಜನ ಒತ್ತಿದ್ರು ಅಂತ ತಿಳ್ಕೊಳ್ಳೋಕೆ ಸ್ವಂತ ಸೈಟ್ ಒಳಗೇ ಯುಟಿಎಂ ಬಾಲ ಅಂಟಿಸಿದ ಲಿಂಕ್ ಇಟ್ಟಿದ್ರೆ ಅದನ್ನೂ ತೆಗೀರಿ.

ಕ್ಯಾನೊನಿಕಲ್ ಟ್ಯಾಗ್ ಅನ್ನೋದು 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಸೇರಿ ತಂದಿದ್ದು, ಪೇಜಿನ ತಲೆಭಾಗದ ಕೋಡ್‌ನಲ್ಲಿ ಒಂದು ಸಾಲು ಅಷ್ಟೆ. ಒಂದು ಸೀರೆ ಪೇಜ್ ತೆರೆದು ಕಂಟ್ರೋಲ್ ಜೊತೆ ಯು ಒತ್ತಿ, ಬಂದ ಕೋಡ್‌ನಲ್ಲಿ ಕ್ಯಾನೊನಿಕಲ್ ಅಂತ ಹುಡುಕಿ. ಒಂದೇ ಒಂದು ಸಲ ಬರಬೇಕು. ಎರಡು ಸಲ ಬಂದ್ರೆ ಯೋಸ್ಟ್ ಒಂದು, ರ‍್ಯಾಂಕ್ ಮ್ಯಾತ್ ಒಂದು, ಹೀಗೆ ಎರಡು ಎಸ್‌ಇಒ ಪ್ಲಗಿನ್ ಹಾಕಿರ್ತೀರ ಅಥವಾ ಥೀಮ್ ಕೂಡ ತನ್ನದೊಂದು ಸೇರಿಸ್ತಿರತ್ತೆ, ಎರಡೂ ಬೇರೆ ಬೇರೆ ಅಡ್ರೆಸ್ ಹೇಳಿದ್ರೆ ಗೂಗಲ್ ಎರಡನ್ನೂ ಬಿಟ್ಟುಬಿಡಬಹುದು. ಒಂದು ಪ್ಲಗಿನ್ ಸಾಕು, ಇನ್ನೊಂದು ತೆಗೀರಿ. ಈ ಟ್ಯಾಗ್ ಬರೀ ಸೂಚನೆ, ಆಜ್ಞೆ ಅಲ್ಲ ಅನ್ನೋದೂ ನೆನಪಿರಲಿ, ಎರಡು ಪೇಜ್‌ನ ವಿಷಯ ನಿಜವಾಗ್ಲೂ ಬೇರೆ ಇದ್ದು ನೀವು ಒಂದರಿಂದ ಇನ್ನೊಂದಕ್ಕೆ ಕ್ಯಾನೊನಿಕಲ್ ಹಾಕಿದ್ರೆ ಗೂಗಲ್ ಒಪ್ಪಲ್ಲ.

ನಿಮ್ಮ ಸೈಟ್ ಎರಡು ಭಾಷೆಯಲ್ಲಿದೆ ಅಂದ್ರಲ್ಲ, ಅಲ್ಲೊಂದು ಜಾಗ ನೋಡ್ಲೇಬೇಕು. ಕನ್ನಡ ಪೇಜ್ ಮತ್ತೆ ಅದರದ್ದೇ ಇಂಗ್ಲಿಷ್ ಪೇಜ್ ಡೂಪ್ಲಿಕೇಟ್ ಅಲ್ಲ, ಭಾಷೆ ಬೇರೆ ಆದ್ರೆ ಪೇಜ್ ಬೇರೆ. ಆದ್ರೆ ಎಷ್ಟೋ ಕನ್ನಡ ಸೈಟ್‌ಗಳಲ್ಲಿ ಕನ್ನಡ ಪೇಜಿನ ಕ್ಯಾನೊನಿಕಲ್ ಇಂಗ್ಲಿಷ್ ಪೇಜನ್ನ ತೋರಿಸ್ತಿರತ್ತೆ, ಡೆವಲಪರ್ ಡೂಪ್ಲಿಕೇಟ್ ಆಗ್ಬಾರ್ದು ಅಂತ ಒಳ್ಳೇ ಮನಸ್ಸಿಂದಲೇ ಹಾಕಿರ್ತಾರೆ, ಆದ್ರೆ ಅದರ ಅರ್ಥ ‘ಕನ್ನಡದ್ದನ್ನ ತೋರಿಸಬೇಡ’ ಅಂತ ಆಗೋಗತ್ತೆ. ಕನ್ನಡದಲ್ಲಿ ಹುಡುಕೋರಿಗೆ ಕನ್ನಡ ಪೇಜೇ ಸಿಗದೆ ಹೋಗೋದು ನನಗೆ ತುಂಬ ಬೇಜಾರಿನ ವಿಷಯ, ಇದನ್ನ ಇವತ್ತೇ ನೋಡಿ. ಕನ್ನಡ ಪೇಜ್ ತನಗೆ ತಾನೇ ಕ್ಯಾನೊನಿಕಲ್, ಇಂಗ್ಲಿಷ್ ಪೇಜ್ ತನಗೆ ತಾನೇ, ಎರಡರ ನಡುವೆ ಎಚ್‌ರೆಫ್‌ಲ್ಯಾಂಗ್ ಟ್ಯಾಗ್ (ಇದೇ ಪೇಜ್ ಇನ್ನೊಂದು ಭಾಷೆಯಲ್ಲಿ ಎಲ್ಲಿದೆ ಅಂತ ಹೇಳೋ ಸಾಲು), ಅದೂ ಎರಡೂ ಕಡೆಯಿಂದ ಇರಬೇಕು, ಒಂದು ಕಡೆಯಿಂದ ಮಾತ್ರ ಇದ್ರೆ ಗೂಗಲ್ ಲೆಕ್ಕಕ್ಕೆ ತಗೊಳ್ಳಲ್ಲ. ಇನ್ನೊಂದು, ಭಾಷೆ ಬದಲಾಯಿಸಿದಾಗ ಮೆನು ಮಾತ್ರ ಕನ್ನಡ ಆಗಿ ಸೀರೆ ವಿವರಣೆ ಇಂಗ್ಲಿಷ್‌ನಲ್ಲೇ ಉಳಿದಿದ್ರೆ ಅದು ನಿಜವಾಗ್ಲೂ ಡೂಪ್ಲಿಕೇಟೇ, ಅಂಥ ಪೇಜ್‌ಗೆ ವಿವರಣೆ ಬರೆಯೋತನಕ ಕನ್ನಡ ರೂಪ ಪಬ್ಲಿಶ್ ಮಾಡ್ಬೇಡಿ.

ಕನ್ನಡ ಅಡ್ರೆಸ್‌ನ ವಿಷಯ ಕೂಡ ಇಲ್ಲೇ ಹೇಳ್ಬಿಡ್ತೀನಿ. ಸ್ಲಗ್, ಅಂದ್ರೆ ಅಡ್ರೆಸ್ ಕೊನೇಲಿ ಪೇಜಿನ ಹೆಸರು ಇರೋ ಭಾಗ, ಕನ್ನಡದಲ್ಲಿದ್ರೆ ಗೂಗಲ್‌ಗೆ ಏನೂ ತೊಂದ್ರೆ ಇಲ್ಲ, ತೊಂದ್ರೆ ಇರೋದು ವರ್ಡ್‌ಪ್ರೆಸ್‌ನಲ್ಲಿ. ಯೂನಿಕೋಡ್‌ನಲ್ಲಿ ಒಂದೊಂದು ಕನ್ನಡ ಚಿಹ್ನೆ, ಅಂದ್ರೆ ಅಕ್ಷರ ಬೇರೆ, ಅದರ ಗುಣಿತ ಬೇರೆ, ಅರ್ಧಾಕ್ಷರ ಮಾಡೋ ಗುರುತು ಬೇರೆ, ಅಡ್ರೆಸ್ ಒಳಗೆ ಪರ್ಸೆಂಟ್ ಗುರುತುಗಳ ಜೊತೆ 9 ಕ್ಯಾರೆಕ್ಟರ್ ಆಗತ್ತೆ, ವರ್ಡ್‌ಪ್ರೆಸ್ ಸ್ಲಗ್‌ಗೆ ಇರೋ ಜಾಗ 200. ಅಂದ್ರೆ 22 ಚಿಹ್ನೆಗೆ ಮುಗೀತು. ‘ಇಳಕಲ್ ಸೀರೆ ಚಿಕ್ಕಿ ಪರಾಸ್ ದಾಳಿಂಬೆ’ ಅಂತ ಟೈಟಲ್ ಕೊಟ್ರೆ ಪರಾಸ್ ಆದ್ಮೇಲೆ ‘ದ’ ಅನ್ನೋ ಒಂದೇ ಅಕ್ಷರಕ್ಕೆ ಸ್ಲಗ್ ಕತ್ತರಿಸಿ ಹೋಗತ್ತೆ, ಮುಂಚಿನ ಪದಗಳೆಲ್ಲ ಅವೇ ಇದ್ದು ಕೊನೇ ಪದ ಅದೇ ಅಕ್ಷರದಿಂದ ಶುರುವಾಗೋ ಇನ್ನೊಂದು ಸೀರೆ ಹಾಕಿದ್ರೆ ಅದಕ್ಕೆ ಕೊನೇಲಿ 2 ಅಂತ ಸೇರ್ಕೊಳ್ಳತ್ತೆ, ಯಾವ ಅಡ್ರೆಸ್ ಯಾವ ಸೀರೆ ಅಂತ ನಿಮಗೇ ಗೊತ್ತಾಗಲ್ಲ. ಹೊಸ ಸೀರೆಗೆ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಕೈಯಲ್ಲೇ ಸ್ಲಗ್ ಬರೀರಿ. ಹಳೇದು ಈಗಾಗ್ಲೇ ಇಂಡೆಕ್ಸ್ ಆಗಿ ಜನ ಬರ್ತಿದ್ರೆ ಅದನ್ನ ಹಾಗೇ ಬಿಡಿ, ಚೆನ್ನಾಗಿ ಕಾಣಲಿ ಅಂತ ಬದಲಾಯಿಸೋದ್ರಿಂದ ಲಾಭ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಕೆಟಗರಿ ಪೇಜ್ ಯಾಕೆ ಬರ್ತಿಲ್ಲ. ನಿಮ್ಮ ಅಂಗಡಿಯಲ್ಲಿ ಇಳಕಲ್ ಸೀರೆ ಬಿಟ್ಟು ಬೇರೆ ಏನೂ ಇಲ್ಲ ಅಂತ ನಾನು ಅಂದ್ಕೊಂಡಿದ್ದೀನಿ. ಹಾಗಿದ್ರೆ ಹೋಮ್ ಪೇಜ್, ಶಾಪ್ ಪೇಜ್, ‘ಇಳಕಲ್ ಸೀರೆ’ ಅನ್ನೋ ಕೆಟಗರಿ, ‘ಇಳಕಲ್ ಸೀರೆಗಳು’ ಅನ್ನೋ ಟ್ಯಾಗ್, ಇನ್ನೊಬ್ರು ಟೈಪ್ ಮಾಡಿದಾಗ ಹುಟ್ಟಿದ ‘ಇಲಕಲ್ ಸೀರೆ’ ಟ್ಯಾಗ್, ಇಷ್ಟರಲ್ಲೂ ಅವೇ 140 ಸೀರೆ, ಬಹುತೇಕ ಅದೇ ಟೈಟಲ್. ಐದು ಪೇಜ್ ಒಂದೇ ಹುಡುಕಾಟಕ್ಕೆ ಪೈಪೋಟಿ ಮಾಡ್ತಿವೆ, ಯಾವುದಕ್ಕೂ ಪೂರ್ತಿ ಬಲ ಇಲ್ಲ. ನನ್ನ ಸಲಹೆ, ‘ಇಳಕಲ್ ಸೀರೆ’ ಅನ್ನೋ ದೊಡ್ಡ ಹುಡುಕಾಟವನ್ನ ಹೋಮ್ ಪೇಜಿಗೇ ಕೊಡಿ, ಹೊರಗಿನಿಂದ ಬರೋ ಲಿಂಕ್ ಹೆಚ್ಚಾಗಿ ಬಂದು ಬೀಳೋದೂ ಅಲ್ಲೇ. ಆ ಹೆಸರಿನ ಕೆಟಗರಿನ ತೆಗೆದು 301 ಮಾಡಿ ಹೋಮ್‌ಗೆ ಕಳಿಸಿ. ಕೆಟಗರಿಗಳು ಗಿರಾಕಿ ಅಂಗಡಿಗೆ ಬಂದು ಕೇಳೋ ಥರ ಇರಲಿ, ಚಿಕ್ಕಿ ಪರಾಸ್ ಅಂಚು, ಗೋಮಿ ಅಂಚು, ಗಾಯತ್ರಿ ಅಂಚು, ಕಸೂತಿ ಹಾಕಿದ್ದು, ಮೈ ರೇಷ್ಮೆದು, ಹತ್ತಿದು, ಹೀಗೆ. ಪ್ರಾಡಕ್ಟ್ ಟ್ಯಾಗ್‌ಗಳನ್ನೆಲ್ಲ ನೋಇಂಡೆಕ್ಸ್ ಮಾಡಿ, ಈಗ ರಿಸಲ್ಟ್‌ನಲ್ಲಿ ಬರ್ತಿರೋ ಆ ಒಂದು ಟ್ಯಾಗ್ ಪೇಜನ್ನ ಮಾತ್ರ ನೋಇಂಡೆಕ್ಸ್ ಮಾಡ್ದೆ ಹೋಮ್‌ಗೆ 301 ಮಾಡಿ, ಅದಕ್ಕೆ ಸಿಕ್ಕಿರೋ ಬೆಲೆ ಹೋಮ್‌ಗೆ ಸೇರಲಿ. ಒಬ್ಬರೇ ಬರೆಯೋ ಸೈಟ್‌ನಲ್ಲಿ ಆಥರ್ ಪೇಜ್, ತಾರೀಕಿನ ಆರ್ಕೈವ್ ಇವೆಲ್ಲ ಬೇಕಾಗಿಲ್ಲ, ಪ್ಲಗಿನ್‌ನಲ್ಲೇ ಆಫ್ ಮಾಡ್ಬಹುದು.

‘ಇಳಕಲ್ ಸೀರೆ ಬೆಂಗಳೂರು’, ‘ಇಳಕಲ್ ಸೀರೆ ಹುಬ್ಬಳ್ಳಿ’, ‘ಇಳಕಲ್ ಸೀರೆ ಪುಣೆ’ ಅಂತ ಊರಿನ ಹೆಸರು ಮಾತ್ರ ಬದಲಾಯಿಸಿ ಪೇಜ್ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಮಾಡ್ಬೇಡಿ. ಇಂಥದ್ದಕ್ಕೆ ಡೋರ್‌ವೇ ಪೇಜ್ ಅಂತ ಹೆಸರಿಟ್ಟು ಗೂಗಲ್ ತನ್ನ ಸ್ಪ್ಯಾಮ್ ನಿಯಮದಲ್ಲೇ ಸೇರಿಸಿದೆ.

ಲಿಂಕ್ ವಿಷಯದಲ್ಲಿ ಮೊದಲು ನೋಡ್ಬೇಕಾದ್ದು ‘ಇನ್ನಷ್ಟು ನೋಡಿ’ ಬಟನ್. ಗೂಗಲ್‌ಬಾಟ್ ಬಟನ್ ಒತ್ತಲ್ಲ, ಸ್ಕ್ರೋಲ್ ಮಾಡ್ಕೊಂಡು ಕೆಳಗೂ ಹೋಗಲ್ಲ, ಅದಕ್ಕೆ ಬೇಕಾದ್ದು ಎಚ್‌ಟಿಎಂಎಲ್‌ನ ಮಾಮೂಲಿ ಎ ಎಚ್‌ರೆಫ್ ಲಿಂಕ್. ಬಟನ್ ಒತ್ತಿದ್ರೆ ಮಾತ್ರ ಜಾವಾಸ್ಕ್ರಿಪ್ಟ್ ಸೀರೆ ತರೋ ಹಾಗಿದ್ರೆ ಮೊದಲ ಪುಟದ ಸೀರೆ ಬಿಟ್ಟು ಮಿಕ್ಕಿದ್ದಕ್ಕೆ ಸೈಟ್ ಒಳಗೆ ದಾರಿಯೇ ಇಲ್ಲ, ಸೈಟ್‌ಮ್ಯಾಪ್‌ನಲ್ಲಿ ಹೆಸರು ಇದ್ರೂ ಒಳಗಿಂದ ಒಂದು ಲಿಂಕೂ ಇಲ್ಲದ ಪೇಜಿಗೆ ಗೂಗಲ್ ಹೆಚ್ಚು ಬೆಲೆ ಕೊಡಲ್ಲ. ಬಟನ್ ಇರಲಿ, ಅದರ ಕೆಳಗೆ 1, 2, 3 ಅಂತ ನಿಜವಾದ ಪುಟದ ಲಿಂಕೂ ಇರಲಿ. ಎರಡನೇ ಪುಟದ ಕ್ಯಾನೊನಿಕಲ್ ಎರಡನೇ ಪುಟಕ್ಕೇ ಇರಬೇಕು, ಮೊದಲನೇ ಪುಟಕ್ಕೆ ಹಾಕಿದ್ರೆ ಎರಡನೇದರಲ್ಲಿರೋ ಸೀರೆಗಳ ದಾರಿ ಮತ್ತೆ ಮುಚ್ಚಿದ ಹಾಗೆ.

ಸೀರೆ ಪೇಜ್‌ನಲ್ಲಿ ಬ್ರೆಡ್‌ಕ್ರಂಬ್ (ದಾರಿ ತೋರಿಸೋ ಲಿಂಕ್ ಸಾಲು) ಹಾಕಿ, ಹೋಮ್, ಗೋಮಿ ಅಂಚು, ಆಮೇಲೆ ಆ ಸೀರೆ. ಕೆಳಗೆ ‘ಇದೇ ಅಂಚಿನ ಬೇರೆ ಸೀರೆ’ ಅಂತ ನಾಲ್ಕೈದು ಲಿಂಕ್. ನೀವು ಸೀರೆ ಬಗ್ಗೆ ಬರೆದ ಬರಹಗಳಿದ್ರೆ, ಅಂದ್ರೆ ತೊಳೆಯೋದು ಹೇಗೆ, ಕೊಂಡಿ ಹಾಕಿ ಸೆರಗು ಜೋಡಿಸೋದು ಹೇಗೆ, ಇಂಥವು, ಅದರೊಳಗಿಂದ ಸಂಬಂಧಪಟ್ಟ ಕೆಟಗರಿಗೆ ಲಿಂಕ್ ಕೊಡಿ, ಆ ಲಿಂಕ್‌ನ ಪದ ‘ಇಲ್ಲಿ ಕ್ಲಿಕ್ ಮಾಡಿ’ ಅಂತ ಬೇಡ, ‘ಗೋಮಿ ಅಂಚಿನ ಹತ್ತಿ ಸೀರೆ’ ಅಂತಲೇ ಇರಲಿ. ಫೋಟೋನೇ ಲಿಂಕ್ ಆಗಿದ್ರೆ ಅದರ ಆಲ್ಟ್ ಟೆಕ್ಸ್ಟ್ (ಫೋಟೋದಲ್ಲಿ ಏನಿದೆ ಅಂತ ಬರೆಯೋ ಜಾಗ) ಖಾಲಿ ಬಿಡಬೇಡಿ. ಹಾಗೇ ಹೋಮ್‌ನಿಂದ ಎರಡು ಮೂರು ಕ್ಲಿಕ್‌ನಲ್ಲಿ ಯಾವ ಸೀರೆನಾದ್ರೂ ಸಿಗೋ ಹಾಗಿರಲಿ, 140ಕ್ಕೆ ಅದೇನು ಕಷ್ಟ ಅಲ್ಲ. ಸ್ಕ್ರೀಮಿಂಗ್ ಫ್ರಾಗ್ ಅಂತ ಒಂದು ಸಾಫ್ಟ್‌ವೇರ್ ಇದೆ, 500 ಅಡ್ರೆಸ್ ತನಕ ಫ್ರೀ, ಫಿಲ್ಟರ್ ಬಾಲಗಳನ್ನ ಬಿಟ್ಟು ಓಡಿಸಿದ್ರೆ ಯಾವ ಸೀರೆಗೆ ಎಷ್ಟು ಲಿಂಕ್ ಬಂದಿದೆ, ಎಲ್ಲಿ ಲಿಂಕ್ ಮುರಿದಿದೆ ಅಂತ ಪೂರ್ತಿ ತೋರಿಸತ್ತೆ.

ಕೈಮಗ್ಗದ ಸೀರೆ ಆದ್ದರಿಂದ ನಿಮಗೆ ಇನ್ನೊಂದು ಸಮಸ್ಯೆ ಇದ್ದೇ ಇರತ್ತೆ, ಒಂದೇ ಪೀಸ್, ಮಾರಾಟ ಆಯ್ತು, ಪೇಜ್ ಡಿಲೀಟ್. ಎಲ್ಲಾ ಡಿಲೀಟ್ ಆದ ಪೇಜನ್ನ ಹೋಮ್‌ಗೆ ರೀಡೈರೆಕ್ಟ್ ಮಾಡೋ ಪ್ಲಗಿನ್ ಹಾಕ್ಬೇಡಿ, ಗೂಗಲ್ ಅದನ್ನ ಸಾಫ್ಟ್ 404, ಅಂದ್ರೆ ಪೇಜೇ ಇಲ್ಲ ಅಂತ ಪರಿಗಣಿಸತ್ತೆ. ಅದೇ ಥರದ ಸೀರೆ ಮತ್ತೆ ನೇಯಿಸ್ತೀರ ಅಂದ್ರೆ ಪೇಜ್ ಇಟ್ಟು ‘ಸದ್ಯಕ್ಕೆ ಇಲ್ಲ’ ಅನ್ನಿ. ಮತ್ತೆ ಬರಲ್ಲ, ಆದ್ರೆ ಆ ಪೇಜಿಗೆ ಹೊರಗಿಂದ ಲಿಂಕ್ ಇದೆ ಅಂದ್ರೆ ಅದನ್ನೇ ತುಂಬ ಹೋಲೋ ಇನ್ನೊಂದು ಸೀರೆಗೆ 301. ಏನೂ ಇಲ್ಲ ಅಂದ್ರೆ 404 ಬರಲಿ ಬಿಡಿ, ಅದು ತಪ್ಪಲ್ಲ. ಬರೀ ಬಣ್ಣ ಬೇರೆ, ಮಿಕ್ಕಿದ್ದೆಲ್ಲ ಒಂದೇ ಅನ್ನೋ ಸೀರೆಗಳನ್ನ ದಾಳಿಂಬೆಗೊಂದು ಗಿಳಿಹಸಿರಿಗೊಂದು ಪೇಜ್ ಮಾಡೋ ಬದಲು ಒಂದೇ ಪ್ರಾಡಕ್ಟ್ ಒಳಗೆ ವೇರಿಯೇಶನ್ ಮಾಡಿ.

ವಿವರಣೆ ಬಗ್ಗೆ ಒಂದು ಮಾತು. ನಿಮ್ಮ ಸೀರೆನ ಫ್ಲಿಪ್‌ಕಾರ್ಟ್, ಅಮೆಜಾನ್, ಮೀಶೋದಲ್ಲೂ ಮಾರ್ತಿದ್ದು ಅಲ್ಲಿನ ವಿವರಣೆನೇ ಇಲ್ಲೂ ಅಂಟಿಸಿದ್ರೆ ಗೂಗಲ್ ಹೆಚ್ಚಾಗಿ ಅವರ ಪೇಜೇ ತೋರಿಸತ್ತೆ. ನಿಮ್ಮ ಸೈಟ್‌ಗೆ ಬೇರೆ ಬರೀರಿ, ಅದಕ್ಕೆ ಸಾಹಿತ್ಯ ಏನೂ ಬೇಡ, ಸೆರಗು ಅಸಲಿ ರೇಷ್ಮೆನಾ ಆರ್ಟ್ ಸಿಲ್ಕಾ, ತೋಪುತೆನೆ ಸೆರಗಾ, ಎಷ್ಟು ಉದ್ದ, ಬ್ಲೌಸ್ ಪೀಸ್ ಇದೆಯಾ, ಮೊದಲ ಸಲ ತೊಳೆದಾಗ ಬಣ್ಣ ಬಿಡತ್ತಾ, ಅಂಗಡಿ ಮುಂದೆ ನಿಂತು ಗಿರಾಕಿ ಕೇಳೋ ಪ್ರಶ್ನೆಗೆ ನೀವು ಬಾಯಲ್ಲಿ ಏನು ಹೇಳ್ತೀರೋ ಅದನ್ನೇ ಬರೀರಿ, ಆ ಮಾತು ಬೇರೆ ಯಾವ ಸೈಟ್‌ನಲ್ಲೂ ಸಿಗಲ್ಲ.

500 ಬ್ಯಾಕ್‌ಲಿಂಕ್, ಅಂದ್ರೆ ಬೇರೆ ಸೈಟ್‌ಗಳಿಂದ ನಿಮ್ಮ ಸೈಟ್‌ಗೆ ಹಾಕಿಸೋ ಲಿಂಕ್, ಬೇಡವೇ ಬೇಡ. ದುಡ್ಡು ಕೊಟ್ಟು ತಗೊಂಡ ಇಂಥ ಲಿಂಕ್‌ಗಳನ್ನ ಹಿಡಿಯೋಕೆ ಅಂತಲೇ 2012ರಲ್ಲಿ ಗೂಗಲ್ ಪೆಂಗ್ವಿನ್ ಅಪ್‌ಡೇಟ್ ತಂದಿದ್ದು, ಈಗಂತೂ ಹೆಚ್ಚಿನವನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಕೆಟ್ಟದಾದ್ರೆ ಇಲ್ಲದ ಪೆನಾಲ್ಟಿನ ದುಡ್ಡು ಕೊಟ್ಟು ತರಿಸ್ಕೊಂಡ ಹಾಗೆ ಆಗತ್ತೆ. ಹೊಸ ಡೊಮೇನ್ ಕೂಡ ಬೇಡ. ಇದೇ ಥೀಮ್, ಇದೇ ಫಿಲ್ಟರ್, ಇದೇ ಟ್ಯಾಗ್ ಅಲ್ಲಿಗೆ ಹೋದ್ರೆ ಇದೇ 3,000 ಅಲ್ಲೂ ಹುಟ್ಟತ್ತೆ, ಇಲ್ಲಿ ಸಿಕ್ಕಿರೋ ಅಷ್ಟೋ ಇಷ್ಟೋ ಲಿಂಕೂ ಕೈಬಿಡತ್ತೆ.

ಕೆಲಸ ಶುರು ಮಾಡೋ ಮುಂಚೆ ಸೈಟ್ ಬ್ಯಾಕಪ್ ತಗೊಳ್ಳಿ, ಎಲ್ಲ ಒಂದೇ ದಿನ ಬದಲಾಯಿಸಬೇಡಿ, ಮೊದಲು ಡೊಮೇನ್ ರೀಡೈರೆಕ್ಟ್ ಮತ್ತೆ ಕ್ಯಾನೊನಿಕಲ್, ಆಮೇಲೆ ಟ್ಯಾಗ್ ಕೆಟಗರಿ, ಆಮೇಲೆ ಲಿಂಕ್. ಹಾಕಿದ ರೀಡೈರೆಕ್ಟ್‌ಗಳನ್ನ ಕಮ್ಮಿ ಅಂದ್ರೂ ಒಂದು ವರ್ಷ ತೆಗೀಬೇಡಿ. ಫಲ ಕಾಣೋಕೆ ವಾರಗಳು, ಕೆಲವಕ್ಕೆ ತಿಂಗಳುಗಳು ಹಿಡಿಯತ್ತೆ, ನಡುವೆ ಒಂದಷ್ಟು ಏರುಪೇರೂ ಆಗತ್ತೆ. ಸದ್ಯಕ್ಕೆ ಒಂದು ಮಾಡಿ, ಸರ್ಚ್ ಕನ್ಸೋಲ್ ಮೇಲಿನ ಇನ್‌ಸ್ಪೆಕ್ಷನ್ ಬಾಕ್ಸ್‌ನಲ್ಲಿ ನಿಮ್ಮ ಹೋಮ್ ಪೇಜ್, ಒಂದು ಕನ್ನಡ ಸೀರೆ ಪೇಜ್, ಅದರದ್ದೇ ಇಂಗ್ಲಿಷ್ ಪೇಜ್, ಈ ಮೂರನ್ನ ಒಂದೊಂದಾಗಿ ಹಾಕಿ, ‘ಯೂಸರ್ ಡಿಕ್ಲೇರ್ಡ್ ಕ್ಯಾನೊನಿಕಲ್’ ಮುಂದೆ ಏನಿದೆ, ‘ಗೂಗಲ್ ಸೆಲೆಕ್ಟೆಡ್ ಕ್ಯಾನೊನಿಕಲ್’ ಮುಂದೆ ಏನಿದೆ ಅಂತ ಬರೆದು ಕಳಿಸಿ. ಎರಡೂ ಬೇರೆ ಬಂದಿದ್ರೆ ಎಲ್ಲಿಂದ ಬಂತು ಅಂತ ಹುಡುಕೋಣ.